ಎರಡನೆಯ ಸಹಿ

ಆರನೆಯ ಸಂಪುಟ ಕೊನೆಗೂ ಬಂತು. ಕೊರಿಯರ್‌ನವನು ಕೈಗಿಟ್ಟ ಪೆಟ್ಟಿಗೆಯ ತೂಕಕ್ಕೇ ಅದೇ ಎಂದು ಗೊತ್ತಾಯಿತು. ಬಿಚ್ಚಿದೆ. ಮೂಸಿದೆ. ಹಿಂಬದಿಯಲ್ಲಿ ಕಥೆಯ ಬಗ್ಗೆ ಏನೋ ಬರೆದಿದ್ದರು, ಅದು ಕಣ್ಣಿಗೆ ಬೀಳದ ಹಾಗೆ ಆ ಬದಿಯನ್ನು ಕೆಳಗೆ ಮಾಡಿ ಇಟ್ಟೆ. ಆಮೇಲೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸ್ಟೀಲ್ ಸ್ಕೇಲು ಇಟ್ಟು, ಹೊಸ ಬ್ಲೇಡಿನಿಂದ ಪುಸ್ತಕವನ್ನು ನಡುವೆ ಸರಿಯಾಗಿ ಎರಡಾಗಿ ಕೊಯ್ದೆ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಗಂ, ವೇಡ ಲಾಗಲಂ ಕಾ ತುಲಾ?" ಎಂದಳು. ಹುಚ್ಚು ಹಿಡಿಯಿತೇ ನಿನಗೆ ಎಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಒಬ್ಬ ಮನುಷ್ಯರ ಬಗ್ಗೆ ಹೇಳಬೇಕಾಗುತ್ತಿತ್ತು. ನಾನು ಹಾಗೆಲ್ಲ ಬಾಯಿಬಿಟ್ಟು ಹೇಳುವವಳಲ್ಲ. ಬರೆಯುವುದು ಸ್ವಲ್ಪ ಸುಲಭ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕೂ; ಚಿಕ್ಕಪ್ಪ, ಚಿಕ್ಕಮ್ಮ ಎಂದು. ರಕ್ತಸಂಬಂಧ ಏನೂ ಇಲ್ಲ. ನಾಸಿಕದ ಹತ್ತಿರ, ಓಝರ್‌ನ ವಿಮಾನ ಕಾರ್ಖಾನೆಯವರ ಕಾಲೊನಿಯಲ್ಲಿ ನಮ್ಮ ಎದುರು ಬಾಗಿಲು ಅವರದು. ನಮ್ಮವರು ಧಾರವಾಡದ ಕಡೆಯವರು, ಅವರು ಗದಗಿನ ಕಡೆಯವರು. ಆ ಮಹಡಿಯಲ್ಲಿ ಕನ್ನಡ ಕೇಳಿಸುತ್ತಿದ್ದುದು ಎರಡೇ ಮನೆಗಳಿಂದ. ಸಂಬಂಧಕ್ಕೆ ಅಷ್ಟು ಸಾಕಿತ್ತು. ಕಾಕಾ ಗಿಡ್ಡ ಆಳು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಕಾರ್ಖಾನೆಯಲ್ಲಿ ಅವರದು ತಪಾಸಣೆಯ ವಿಭಾಗ. ಅಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ತಮ್ಮ ಸ್ಟ್ಯಾಂಪ್ ಒತ್ತದ ಹೊರತು ಒಂದು ಬೋಲ್ಟೂ ಮುಂದಕ್ಕೆ ಹೋಗುವಂತಿರಲಿಲ್ಲ. ಆ ನಿಯಮವನ್ನು ಅವರು ಮನೆಗೂ ತಂದುಕೊಂಡಿದ್ದರು. ತಾವು ಗ್ಯಾಸ್ ಸಿಲಿಂಡರ್ ಬದಲಿಸಿದರೆ ಕಾಕೂ ಬಂದು ಮೂಸಿ ನೋಡಬೇಕು. ಕಾಕೂ ಬೀಗ ಹಾಕಿದರೆ ತಾವು ಎಳೆದು ನೋಡಬೇಕು.

"ನನಗ ತಾಳಿ ಕಟ್ಟಿದಾಗ ಯಾರ ಚೆಕ್ ಮಾಡಿದ್ರು ಕೇಳು ನಿಮ್ಮ ಕಾಕಾನ್ನ" ಎಂದು ಕಾಕೂ ನನ್ನ ಮುಂದೆ ಚುಚ್ಚುತ್ತಿದ್ದರು.

"ನಿಮ್ಮಪ್ಪ" ಎನ್ನುತ್ತಿದ್ದರು ಕಾಕಾ, ತಲೆ ಎತ್ತದೆ. "ಮೂರೂ ಗಂಟು ಎಳದ ನೋಡ್ಯಾರ."

ನಾನು ಕಾಕಾ ಅವರ ಎರಡನೆಯ ಇನ್ಸ್‌ಪೆಕ್ಟರ್ ಆದದ್ದು ಐದನೆಯ ತರಗತಿಯಲ್ಲಿ, ಕಾಮಾಲೆ ಬಂದು ಶಾಲೆ ಬಿಟ್ಟು ಮಲಗಿದ್ದಾಗ. ನಾಸಿಕದ ರವಿವಾರ ಕಾರಂಜ ಎಂಬ ಚೌಕದ ಹತ್ತಿರ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ ಅವರು ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಕೊಂಡು ತಂದಿದ್ದರು. ಅದಕ್ಕೆ ಮೊದಲು ಅವರು ಓದಿದ್ದೆಲ್ಲ ಯಂತ್ರಗಳ ಕೈಪಿಡಿಗಳು. ಇದನ್ನು ಯಾಕೆ ತಂದಿರಿ ಎಂದು ಅಪ್ಪ ಕೇಳಿದಾಗ, "ಮುಖಪುಟದಾಗ ದೀಪಸ್ತಂಭದ ಗಾಜು ಬರದಾರ ನೋಡ್ರಿ, ಕರೆಕ್ಟ್ ಬರದಾರ. ಗಾಜು ಇಷ್ಟು ಕರೆಕ್ಟ್ ಬರದಾವ್ರು ಒಳಗ ಸುಳ್ಳು ಬರದಿರಾಕಿಲ್ಲ" ಎಂದರು.

ಒಳಗೆ ಇದ್ದದ್ದೆಲ್ಲ ಸುಳ್ಳೇ, ಅದೂ ಅದ್ಭುತವಾದ ಸುಳ್ಳು. ಸಮುದ್ರದ ನಡುವೆ ಒಂದು ರಾಜ್ಯ, ಅದರ ತುಂಬ ದ್ವೀಪಗಳು, ಪ್ರತಿ ದ್ವೀಪಕ್ಕೂ ಒಂದು ದೀಪಸ್ತಂಭ. ಯಾವ ದ್ವೀಪದ ದೀಪ ಆರುತ್ತದೋ ಆ ದ್ವೀಪವನ್ನು ಉಳಿದವರೆಲ್ಲ ಮರೆತುಬಿಡುತ್ತಾರೆ; ಅಲ್ಲಿಗೆ ಮದುವೆಯಾಗಿ ಹೋದ ಮಗಳು ಕೂಡ ತಾಯಿಯ ನೆನಪಿನಲ್ಲಿ ಉಳಿಯುವುದಿಲ್ಲ. ಒಂದೊಂದೇ ದೀಪವನ್ನು ಯಾರೋ ಆರಿಸುತ್ತಿದ್ದಾರೆ. ಅದನ್ನು ತಡೆಯಲು ಹೊರಟವರು ಇಬ್ಬರು ಮಕ್ಕಳು, ಅಕ್ಕ ಮತ್ತು ತಮ್ಮ, ಜೊತೆಗೆ ಒಂದು ಕುಂಟ ನಾಯಿ. ಅವರ ಹೆಸರುಗಳು ಕಾಕೂ ಬಾಯಲ್ಲಿ ತಿರುಗದೆ ನಮಗೆಲ್ಲರಿಗೂ ಅವರು ಬರೀ 'ಅಕ್ಕ', 'ತಮ್ಮ' ಆದರು. ಸರಣಿಗೂ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು 'ದೀಪದ ಪುಸ್ತಕ' ಎನ್ನುತ್ತಿದ್ದೆವು.

ಕಾಕಾ ಮೊದಲ ಅಧ್ಯಾಯ ಓದಿ, ಅದರ ಕೊನೆಯ ಪುಟದ ಎಡ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಸಣ್ಣ ಸಹಿ ಹಾಕಿ, ಪುಸ್ತಕವನ್ನು ನನ್ನ ಹಾಸಿಗೆಯ ಮೇಲೆ ಇಟ್ಟರು.

"ನಾ ನೋಡೇನಿ. ಈಗ ನೀವು ನೋಡ್ರಿ, ಇನ್ಸ್‌ಪೆಕ್ಟರ್ ಬಾಯಿ. ಇಬ್ಬರದೂ ಸಹಿ ಬಿದ್ದ ಮ್ಯಾಲನ ಎರಡನೇ ಅಧ್ಯಾಯ."

ನನ್ನನ್ನು ಅಲ್ಲಿಯವರೆಗೆ ಯಾರೂ 'ನೀವು' ಎಂದಿರಲಿಲ್ಲ. ಓದಿ ಮುಗಿಸಿ ಬಲ ಮೂಲೆಯಲ್ಲಿ ನನ್ನ ಸಹಿ ಹಾಕಿದೆ. ಸಂಜೆ ಡ್ಯೂಟಿಯಿಂದ ಬಂದವರೇ ಬೂಟು ಬಿಚ್ಚುವ ಮೊದಲು ಬಾಗಿಲಲ್ಲಿ ನಿಂತು ಕೇಳಿದರು: "ಏನ್ ಕಂಡ್ರಿ?"

ಏನು ಅನಿಸಿತು ಎಂದು ಅವರು ಯಾವತ್ತೂ ಕೇಳಲಿಲ್ಲ. ಏನು ಕಂಡಿತು, ಅಷ್ಟೇ. ನಾನು, "ರಾಜ ಕೆಟ್ಟವನು ಅನಸ್ತದ" ಎಂದರೆ, "ಅನಸೂದು ಬ್ಯಾಡ. ಎಲ್ಲೆ ಕಂಡ್ರಿ, ಯಾವ ಪುಟದಾಗ?" ಎನ್ನುತ್ತಿದ್ದರು. ಆ ಪುಟ ತೋರಿಸಬೇಕು. ತೋರಿಸಿದರೆ ಮುಖವೆಲ್ಲ ಅರಳಿ, "ಕರೆ, ಕರೆ! ನಾನೂ ಅಲ್ಲೇ ಹಿಡದೆ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಕಾಲೊನಿಯಲ್ಲಿ ಅವರನ್ನು ಬಿಗಿ ಮನುಷ್ಯ ಎಂದು ಹೇಳುತ್ತಿದ್ದವರು ಆ ತೊಡೆ ತಟ್ಟುವ ಸದ್ದು ಕೇಳಿಲ್ಲ.

ಕಾಕೂ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಥೆ ಮಾತ್ರ ಬೇಕು. ಹಾಗಾಗಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತ ಅವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓಝರ್‌ನಲ್ಲಿ ಬೆಳೆದ ಉಳಿದ ಕನ್ನಡದ ಮಕ್ಕಳಂತೆ ನಾನೂ ಕನ್ನಡ ಕೇಳಿದರೆ ಅರ್ಥ ಮಾಡಿಕೊಂಡು ಮರಾಠಿಯಲ್ಲಿ ಉತ್ತರಿಸುವವಳು. ಸಮುದ್ರ, ಬಿರುಗಾಳಿ, ದ್ರೋಹ, ಶಪಥ ಎಂಬ ಮಾತುಗಳನ್ನೆಲ್ಲ ನಾನು ಬಾಯಿಗೆ ತಂದುಕೊಂಡದ್ದು ಆ ಸೊಪ್ಪಿನ ಮುಂದೆ. ಕಥೆಯಲ್ಲಿ ಮಕ್ಕಳಿಗೆ ದಾರಿ ಹೇಳುವ ಒಬ್ಬ ಅಂಕಲ್ ಬಂದಾಗಲೆಲ್ಲ ಕಾಕೂ ನಡುವೆ ತಡೆಯುತ್ತಿದ್ದರು. "ಅಂಕಲ್ ಅಂದ್ರ ಕಾಕಾನೋ ಮಾಮಾನೋ? ಅದನ್ನ ಹೇಳದ ಅವನ ಮ್ಯಾಲ ಹೆಂಗ ಭರವಸಾ ಇಡೂದು?" ಕಾಕಾ ಗಂಭೀರವಾಗಿ, "ಪುಸ್ತಕದಾಗ ಬರದಿಲ್ಲ. ಪೆಂಡಿಂಗ್ ಇಡು" ಎನ್ನುತ್ತಿದ್ದರು.

ಕಾಕೂ ಕಡೆಯಿಂದಲೂ ಒಂದು ನಿಯಮ ಬಂತು. ಅವರ ತವರೂರಿನ ಮಠದಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರೆಲ್ಲ ಕೂತು ಕೇಳುವುದು. ಅಲ್ಲಿ ಯಾರಾದರೂ ಸತ್ತ ಕಡೆ ಆ ದಿನದ ಓದು ನಿಲ್ಲಿಸುತ್ತಿರಲಿಲ್ಲವಂತೆ. ಇಲ್ಲೂ ಹಾಗೆಯೇ ಆಗಬೇಕು. "ಸಾವಿನ ಮ್ಯಾಲ ಪುಸ್ತಕ ಮುಚ್ಚಬಾರದು. ಯಾರರೆ ಉಣ್ಣೂತನಕ ಓದು." ಆ ನಿಯಮ ಒಪ್ಪಿಕೊಂಡ ಮೇಲೆ ನಮಗೆ ಕಥೆಯಲ್ಲಿ ಊಟಗಳನ್ನು ಹುಡುಕುವ ಚಟವೇ ಹತ್ತಿತು. ಯುದ್ಧ ಶುರುವಾಯಿತೆಂದರೆ ನಾನು ಮುಂದಿನ ರೊಟ್ಟಿ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದೆ.

ಮೊದಲ ಸಂಪುಟದ ಕೊನೆಯಲ್ಲಿ, ಬಿರುಗಾಳಿಯಲ್ಲಿ, ದೋಣಿಯಿಂದ ತಮ್ಮ ಸಮುದ್ರಕ್ಕೆ ಬಿದ್ದ. ಮರುದಿನ ದಂಡೆಗೆ ಬಂದದ್ದು ಒಂದು ಕೈಗವಸು ಮಾತ್ರ, ಎಡಗೈಯದು. ದ್ವೀಪದವರೆಲ್ಲ ಸೇರಿ ಅದನ್ನೇ ಮಣ್ಣು ಮಾಡಿದರು. ಅಕ್ಕ ಅತ್ತಳು. ನಾನೂ ಅತ್ತೆ, ಕಾಕೂನೂ ಅತ್ತರು. ಕಾಕಾ ಆ ಅಧ್ಯಾಯಕ್ಕೆ ಸಹಿ ಹಾಕಲಿಲ್ಲ.

"ಯಾಕ್ರೀ ಕಾಕಾ?"

"ಬಾಡಿ ಎಲ್ಲೈತಿ?"

"ಮಣ್ಣು ಮಾಡ್ಯಾರಲ್ರೀ!"

"ಗ್ಲೌಸ್ ಮಣ್ಣು ಮಾಡ್ಯಾರ. ಹುಡುಗನ್ನ ಯಾರೂ ನೋಡಿಲ್ಲ. ಸತ್ತಾನ ಅಂತ ನಾ ಸಹಿ ಮಾಡೂದಿಲ್ಲ."

ಆ ಒಂದು ಅಧ್ಯಾಯವನ್ನು ಪೆಂಡಿಂಗ್ ಇಟ್ಟೇ ಮುಂದೆ ಹೋದೆವು; ಹೀಗೆ ಶುರುವಾಯಿತು ನಮ್ಮ ದೊಡ್ಡ ವ್ಯಾಜ್ಯ. ತಮ್ಮ ಸತ್ತ ಎಂದು ನಾನು, ಗೊತ್ತಿಲ್ಲ ಎಂದು ಅವರು. ಎರಡು, ಮೂರನೆಯ ಸಂಪುಟಗಳು ಹುಡುಕಿದಾಗ ಸಿಕ್ಕವು. ತಮ್ಮನ ಸುದ್ದಿಯೇ ಇಲ್ಲ. ನಾಲ್ಕನೆಯದಕ್ಕೆ ಮಾತ್ರ ಲೋಕದ ಜೊತೆ ನಾವೂ ಕಾಯಬೇಕಾಯಿತು, ಯಾಕೆಂದರೆ ಬರೆಯುವವರು ಇನ್ನೂ ಬರೆಯುತ್ತಿದ್ದರು. ಅದು ಬಂದ ದಿನ ಕಾಕಾ ಕಾಲೇಜ್ ರೋಡಿನ ಅಂಗಡಿಯ ಷಟರ್ ಏಳುವ ಮೊದಲೇ ಅಲ್ಲಿ ನಿಂತಿದ್ದರು. ಇಟ್ಟಿಗೆಯಂಥ ಪುಸ್ತಕ. ನಾನಾಗ ಹನ್ನೆರಡನೆಯ ತರಗತಿಯಲ್ಲಿದ್ದೆ, ಅಧ್ಯಾಯ ಅಧ್ಯಾಯಕ್ಕೂ ಅವರು ಕೊಡುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅವರಿಗೂ ಇರಲಿಲ್ಲ. ಸ್ಕೇಲು, ಬ್ಲೇಡು ತಂದರು. ನಡುವಿನ ಅಧ್ಯಾಯ ಮುಗಿಯುವಲ್ಲಿ ಕೊಯ್ದು, ಎರಡೂ ಭಾಗಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಬಿಳಿ ದಾರದಿಂದ ಹೊಲಿದರು. ಅವರು ಮೊದಲ ಭಾಗ ಮುಗಿಸಿ ನನಗೆ ಕೊಟ್ಟು ಎರಡನೆಯದಕ್ಕೆ ಹೋಗುವುದು.

ಅಮ್ಮ ಹೌಹಾರಿದಳು. "ಅಯ್ಯ, ಸರಸ್ವತಿನ್ನ ಕೊಯ್ದ್ರಲ್ರೀ!"

"ಆಕಿಗೆ ನಾಕು ಕೈ ಅದಾವ್ರೀ ಅಕ್ಕಾರ" ಎಂದರು ಕಾಕಾ. "ನಮಗ ಎರಡೆರಡ. ಹಂಚಿಕೊಂಡ ಹಿಡೀಬೇಕು."

ಆ ವರ್ಷವೇ ಅವರ ನಿವೃತ್ತಿ. ಕಡೆಯ ದಿನ ತಮ್ಮ ಸ್ಟ್ಯಾಂಪನ್ನು ಕಾರ್ಖಾನೆಗೆ ಒಪ್ಪಿಸಿ ಬಂದು ನಮ್ಮ ಮನೆಯಲ್ಲಿ ಕೂತರು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಾ, "ಇನ್ನ ನನ್ನ ಸಹಿ ನಡಿಯೂದು ದೀಪದ ಪುಸ್ತಕದಾಗ ಅಷ್ಟ" ಎಂದರು. ನಾವೆಲ್ಲ ನಕ್ಕೆವು. ಅವರು ಪಂಚವಟಿಯ ಕಡೆ ಒಂದು ಫ್ಲ್ಯಾಟಿಗೆ ಹೋದರು. ನಾನು ಓದಲು ಔರಂಗಾಬಾದಿಗೆ ಹೋದೆ. ಊರಿನ ಅರ್ಧ ಜನರ ಬಾಯಲ್ಲಿ ಅದು ಆಗಲೇ ಸಂಭಾಜಿನಗರ.

ನಾಲ್ಕನೆಯ ಸಂಪುಟದ ಕೊನೆಯಲ್ಲಿ ಕುಂಟ ನಾಯಿಯೂ ಕಾಣೆಯಾಗಿತ್ತು. ಐದನೆಯ ಸಂಪುಟ ಬರುವ ಹೊತ್ತಿಗೆ ನಾನು ಎಂ.ಎಸ್ಸಿ.ಯಲ್ಲಿದ್ದೆ. ಕಾಕಾಗೆ ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ಬಲಗಣ್ಣು ಹೆಚ್ಚು ಕಡಿಮೆ ಹೋದ ಹಾಗೆ, ಎಡಗಣ್ಣಿನಲ್ಲಿ ಅಕ್ಷರಗಳು ಇರುವೆ ಹರಿದಂತೆ ಕಾಣುತ್ತಿದ್ದವು. ಔರಂಗಾಬಾದಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಆಮೇಲೆ ಎಷ್ಟು ಕಾಣುತ್ತದೆ ಎಂದು ಡಾಕ್ಟರು ಮಾತು ಕೊಡಲಿಲ್ಲ. ಅದೇ ವಾರ ಪುಸ್ತಕವೂ ಬರುವುದಿತ್ತು. ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಆಪರೇಷನ್‌ಕಿಂತ ಮೊದ್ಲು ನೋಡಬೇಕ್ರೀ. ಹುಡುಗ ಅದಾನೋ ಇಲ್ಲೋ, ಈ ಕಣ್ಣಿಂದ ನೋಡಿ ಹೋಗಬೇಕು."

ಪುಸ್ತಕ ಬಂದ ದಿನವೇ ಅದನ್ನು ಕೊಯ್ದು, ಹೊಲಿದು, ನಾಸಿಕದ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸಿನ ಡ್ರೈವರ್ ಕೈಗೆ ಒಂದು ಭಾಗ ಕೊಟ್ಟು ನನಗೆ ಫೋನ್ ಮಾಡಿದರು. ತಮ್ಮ ಓದು ಈಗ ನಿಧಾನ, ಅದಕ್ಕೇ ಮೊದಲ ಭಾಗ ನನಗೆ. "ಈ ಸಲ ನೀವು ಫಸ್ಟ್, ನಾ ಸೆಕೆಂಡ್." ನಾನು ಮಧ್ಯಾಹ್ನದ ಲ್ಯಾಬ್ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ನಾಸಿಕದಿಂದ ವೈಜಾಪುರದ ಮೇಲೆ ಬಂದ ಪ್ರತಿ ಕೆಂಪು ಬಸ್ಸಿನ ಹಿಂದೆಯೂ ಹೋದೆ. ಕೊನೆಗೆ ಒಬ್ಬ ಡ್ರೈವರ್ ಕಿಟಕಿಯಿಂದ ಪೊಟ್ಟಣ ಆಡಿಸುತ್ತಾ, "ಇನ್ಸ್‌ಪೆಕ್ಟರ್ ಮ್ಯಾಡಂ ಕೋಣ್?" ಎಂದು ಕೂಗಿದ, ಇನ್ಸ್‌ಪೆಕ್ಟರ್ ಮೇಡಂ ಯಾರು ಎಂದು. ಸ್ಟ್ಯಾಂಡಿನಲ್ಲಿದ್ದ ನಿಜವಾದ ಪೊಲೀಸನೊಬ್ಬ ತಿರುಗಿ ನೋಡಿದ. ನಾನು ಕೈ ಎತ್ತಿದೆ.

ಅಲ್ಲೇ ಬೆಂಚಿನ ಮೇಲೆ ಕೂತು ದಾರ ಬಿಚ್ಚಿದೆ. ಮೊದಲ ಸಾಲು ಓದಿದೆ, ತಟ್ಟನೆ ಮುಚ್ಚಿದೆ. ಎರಡು ಕಂದು ಹೊದಿಕೆಗಳಲ್ಲಿ ಯಾವುದು ಯಾವುದೆಂದು ಆ ಕಣ್ಣುಗಳಿಗೆ ಗೊತ್ತಾಗಿರಲಿಲ್ಲ. ಕೂಡಲೇ ಫೋನ್ ಮಾಡಿದೆ.

"ಕಾಕಾ, ಎರಡನೇ ಭಾಗ ಬಂದೈತ್ರೀ."

"ತಗದ್ರೇನು?"

"ಒಂದ ಸಾಲು."

"ಏನ್ ಕಂಡ್ರಿ?"

"ನಾಯಿ."

"ಜೀವಂತ?"

"ಬೊಗಳಾಕತ್ತೈತ್ರೀ."

"ಏ ಇವಳ, ನಾಯಿ ಐತಿ!" ಎಂದು ಅವರು ಮನೆಯೊಳಕ್ಕೆ ಕೂಗಿದ್ದು, ಕಾಕೂ ಕೈಯಲ್ಲಿದ್ದ ಪಾತ್ರೆ ಬಿದ್ದದ್ದು, "ನಮ್ಮಪ್ಪ, ಬದುಕೈತಿ!" ಎಂದದ್ದು ಎಲ್ಲವೂ ನನಗೆ ಕೇಳಿಸಿತು.

ಮೊದಲ ಭಾಗ ಓದಿ ಸಹಿ ಹಾಕದೆ ಯಾರೂ ಎರಡನೆಯದು ತೆರೆಯುವಂತಿಲ್ಲ. ಅವರು ಅದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರು ಆಸ್ಪತ್ರೆಗೆ ಬರುವವರೆಗೆ ಉತ್ತರ ಹಾಸ್ಟೆಲಿನ ನನ್ನ ಟ್ರಂಕಿನಲ್ಲಿ, ಸ್ವೆಟರಿನ ಕೆಳಗೆ ಮಲಗಿತ್ತು. ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಎರಡು ಬೀಕರ್ ಒಡೆದೆ.

ಆಸ್ಪತ್ರೆಯಲ್ಲಿ ಕಾಕಾ ಚೀಲದಿಂದ ಮೊದಲು ತೆಗೆದದ್ದು ಕೆಂಪು ಪೆನ್ಸಿಲ್, ಆಮೇಲೆ ಮೊದಲ ಭಾಗ. ಅರ್ಧ ಅಧ್ಯಾಯವನ್ನೂ ಅವರಿಗೆ ಓದಲಾಗಿರಲಿಲ್ಲ. ಕಣ್ಣಿಗೆ ಔಷಧಿ ಹಾಕತೊಡಗಿದ ಮೇಲೆ ಅದೂ ಇಲ್ಲ. "ನೀವು ಓದ್ರಿ. ಕಿವಿಯಿಂದ ನೋಡತೇನಿ" ಎಂದರು. ನಾನು ಇಂಗ್ಲಿಷಿನಲ್ಲಿ ಕಾಕಾಗೆ ಓದುವುದು, ಪುಟ ಮುಗಿದ ಕೂಡಲೇ ಕನ್ನಡದಲ್ಲಿ ಕಾಕೂಗೆ ಹೇಳುವುದು. ಪಕ್ಕದ ಮಂಚದಲ್ಲಿ ಸಟಾಣಾ ಕಡೆಯ ಒಬ್ಬ ರೈತರಿದ್ದರು, ದಾಳಿಂಬೆ ತೋಟದವರು, ಒಂದು ಕಣ್ಣಿಗೆ ಪಟ್ಟಿ. ನಾಲ್ಕು ಪುಟ ಆದ ಮೇಲೆ ತಡೆಯಲಾರದೆ ಮಗ್ಗುಲಾಗಿ, "ಮಗ್ ಪುಢೇ ಕಾಯ್ ಝಾಲಂ, ತಾಯಿ?" ಎಂದರು. ಮುಂದೇನಾಯಿತು ಎಂದು.

ಹಾಗೆ ಕಾಕೂ ಮರಾಠಿಯ ಜವಾಬ್ದಾರಿ ಹೊತ್ತರು. ನಮ್ಮ ಪುರಾಣಕ್ಕೆ ಈಗ ಓದುವವಳೂ ಸಿಕ್ಕಳು, ಅರ್ಥ ಹೇಳುವವರೂ ಸಿಕ್ಕರು. ಕಾಕೂ ಬಾಯಲ್ಲಿ ಕಥೆ ಊರು ಬದಲಿಸಿತು. ರಾಜನ ಕೋಟೆ, "ತೋ ದೌಲತಾಬಾದ್ ಕಿಲ್ಲಾ ಆಹೇ ನಾ, ತಸಾಚ್." ದೌಲತಾಬಾದಿನ ಕೋಟೆಯ ಹಾಗೆಯೇ ಎಂದು; ಕಗ್ಗತ್ತಲ ಸುರಂಗವೂ ಅಲ್ಲಿಯದೇ. ಸಮುದ್ರ ನೋಡಿರದ ರೈತರಿಗೆ, ಗೋದಾವರಿಗೆ ಮಹಾಪೂರ ಬಂದು ಇಳಿಯದೆ ನಿಂತಂತೆ ಎಂದು ಹೇಳಿದರು. ಕಾಕಾ ಕಣ್ಣು ಮುಚ್ಚಿಕೊಂಡೇ, "ಏ, ಕೋಟಿಗೆ ಸುರಂಗ ಐತಂತ ಪುಸ್ತಕದಾಗ ಹೇಳಿಲ್ಲ" ಎಂದು ತಡೆದರೆ, "ನೀವು ಸುಮ್ನ ಮಲಕೊಳ್ರಿ, ಕೋಟಿ ಕಟ್ಟಿದ ಮ್ಯಾಲ ಸುರಂಗ ಇಡಲಾರದ ಹೆಂಗ ಬಿಡ್ತಾರ" ಎಂದು ಕಾಕೂ ಮುಂದುವರಿಸುತ್ತಿದ್ದರು. ಸದ್ದು ಕಡಿಮೆ ಮಾಡಿ ಎಂದು ಬೈಯಲು ಬಂದ ಸಿಸ್ಟರ್, ದೀಪ ಆರಿಸುತ್ತಿದ್ದವನು ಅಂಕಲ್ಲೇ ಎಂದು ಗೊತ್ತಾಗುವವರೆಗೆ ಬಾಗಿಲಿಗೆ ಒರಗಿ ನಿಂತರು.

"ನಾ ಹೇಳಿದ್ನಿಲ್ಲೋ!" ಎಂದರು ಕಾಕೂ. "ಕಾಕಾನೋ ಮಾಮಾನೋ ಹೇಳದಾವನ್ನ ನಂಬಬಾರದು."

ಸಕ್ಕರೆ ಹತೋಟಿಗೆ ಬಾರದೆ ಆಪರೇಷನ್ ಇಲ್ಲ ಎಂದಿದ್ದರು ಡಾಕ್ಟರು. ಅದು ಇಳಿಯಲೇ ಇಲ್ಲ, ಜೊತೆಗೆ ರಕ್ತದ ಒತ್ತಡವೂ ಏರಿತು. ಡಾಕ್ಟರು ಚಾರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಅಂಜಿಕೆಯೇ ಎಂದು ಕೇಳಿದರು. ಕಾಕಾ ಮುಗ್ಧರಂತೆ, "ಇಲ್ಲ ಸಾಬ್, ಮನೆಯ ವಿಷಯ, ಒಬ್ಬ ಹುಡುಗ ಕಳೆದಿದ್ದಾನೆ" ಎಂದು ಹಿಂದಿಯಲ್ಲಿ ಹೇಳಿದರು. ಡಾಕ್ಟರು ಪಾಪವೆನಿಸಿ ಅವರ ಭುಜ ತಟ್ಟಿ ಹೋದರು. ನಾನು ನಗು ತಡೆಯಲಾರದೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡೆ. ಆದರೆ ಅದೇ ಸಂಜೆ ಎರಡೂ ಇಳಿದವು, ಮರುದಿನ ಬೆಳಿಗ್ಗೆ ಆಪರೇಷನ್ ಎಂದು ತೀರ್ಮಾನವಾಯಿತು. ಇನ್ನೂ ಕೊನೆಯ ಎರಡು ಅಧ್ಯಾಯ ಉಳಿದಿತ್ತು.

ಅವನ್ನು ನಾನು ಒಂದೇ ಸಮನೆ ಓದಿದೆ. ಎಲ್ಲ ದೀಪಗಳೂ ಆರಿವೆ. ಅಕ್ಕ ಮತ್ತು ನಾಯಿ ದಂಡೆಯಲ್ಲಿ ನಿಂತಿದ್ದಾರೆ. ಎದುರಿನ ದ್ವೀಪದ ಹೆಸರು ಯಾರಿಗೂ ನೆನಪಿಲ್ಲ, ಅಲ್ಲೊಂದು ದ್ವೀಪವಿದೆ ಎಂಬುದೇ ನೆನಪಿಲ್ಲ. ಅಲ್ಲಿ, ಆ ಕತ್ತಲಲ್ಲಿ, ಒಂದು ದೀಪ ಹೊತ್ತಿಕೊಳ್ಳುತ್ತದೆ. ಗಾಜಿನ ಹಿಂದೆ ಒಂದು ಕೈ ಎದ್ದು ಪರದೆ ಸರಿಸುತ್ತದೆ. ಎಡಗೈ. ಅದಕ್ಕೆ ಗವಸು ಇಲ್ಲ. ಕುಂಟ ನಾಯಿ ಬಾಲ ಅಲ್ಲಾಡಿಸುತ್ತಾ ನೀರಿಗೆ ಜಿಗಿಯುತ್ತದೆ. ಪುಸ್ತಕ ಅಲ್ಲಿಗೆ ಮುಗಿಯಿತು.

ಅದನ್ನು ಕನ್ನಡದಲ್ಲಿ ಹೇಳಿದೆ. ಕಾಕೂ ಅದನ್ನು ಮರಾಠಿಗೆ ತಿರುಗಿಸುವಾಗ ಅಳುತ್ತಲೇ ಇದ್ದರು. ರೈತರು ಎದ್ದು ಕೂತು ಮಂಚಕ್ಕೆ ಗುದ್ದಿದರು: "ಕುತ್ರ್ಯಾನಂ ವಳಖಲಂ! ಪೋರ್ಗಾ ಜಿವಂತ್ ಆಹೇ!" ನಾಯಿ ಗುರುತು ಹಿಡಿಯಿತು, ಹುಡುಗ ಬದುಕಿದ್ದಾನೆ. ಇಷ್ಟು ವರ್ಷ ಸತ್ತ ಎಂದು ವಾದಿಸಿದ ನಾನು ಸೋತಿದ್ದೆ, ಸೋತದ್ದಕ್ಕೆ ಕುಣಿಯಬೇಕೆನಿಸುತ್ತಿತ್ತು. ಕೆಂಪು ಪೆನ್ಸಿಲನ್ನು ಕಾಕಾ ಬೆರಳ ನಡುವೆ ಇಟ್ಟೆ.

"ಹಾಕ್ರಿ ಕಾಕಾ. ನೀವು ಗೆದ್ರಿ."

ಅವರ ಪಾಪೆಗಳು ಔಷಧಿಗೆ ದೊಡ್ಡದಾಗಿ ಅರಳಿದ್ದವು. ನನ್ನ ಕಡೆ ತಿರುಗಿದರು, ಸರಿಯಾಗಿ ನನ್ನ ಮೇಲಲ್ಲ, ಸ್ವಲ್ಪ ಆಚೆಗೆ.

"ಹೆಸರು ಹೇಳ್ಯಾರೇನು?"

"ಇಲ್ರೀ."

"ಮುಖ ಕಂಡತೇನು?"

"ಕೈ ಕಂಡೈತ್ರೀ. ಎಡಗೈ."

"ಎಡಗೈ ಎಲ್ಲಾರಿಗೂ ಇರತೈತಿ. ಸಹಿ ಇಲ್ಲ."

ಕಾಕೂ ಸೆರಗಿನಿಂದ ಕಣ್ಣೊರೆಸುತ್ತಿದ್ದವರು ಹಾಗೇ ನಿಂತರು. "ನಿಮ್ಮಂಥ ಕಲ್ಲಿನ ಎದಿಯವರನ್ನ ನಾ ಎಲ್ಲೂ ನೋಡಿಲ್ಲ. ನಾಯಿ ಸಹಿ ಹಾಕೈತಲ್ರೀ! ಇನ್ನೇನ್ ಬೇಕು?"

"ನಾಯಿಗೆ ಸ್ಟ್ಯಾಂಪ್ ಕೊಟ್ಟಿಲ್ಲ."

ಕಾಕೂ ರೈತರಿಗೆ ಇದನ್ನೂ ಮರಾಠಿಯಲ್ಲಿ ಹೇಳಿದರು. ರೈತರು ಕೈ ಜೋಡಿಸಿ, ಇಂಥವರ ಜೊತೆ ಹೇಗೆ ಸಂಸಾರ ಮಾಡಿದಿರಿ ತಾಯಿ ಎಂದು ಕೇಳಿದರು. ಗದ್ದಲ ಅಡಗಿದ ಮೇಲೆ ಕಾಕಾ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಅವ ಇರಬೇಕಂತ ನನಗೂ ಭಾಳ ಆಸೆ ಐತ್ರೀ. ನಿಮಗಿಂತ ಹೆಚ್ಚು. ಆಸೆ ಇದ್ದಾಗನ ಎರಡು ಸಲ ನೋಡಬೇಕು."

ನಾನು ಈಗ ಔಷಧಿಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬೇಕಾದ ಫಲಿತಾಂಶ ಬಂದ ದಿನ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತೇನೆ. ಸಹೋದ್ಯೋಗಿಗಳಿಗೆ ಇದು ನನ್ನ ಸ್ವಭಾವ ಎಂದು ಅನಿಸಿದೆ. ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.

ಆಪರೇಷನ್ ಆದ ಮೇಲೆ ಅವರಿಗೆ ದೊಡ್ಡ ಅಕ್ಷರಗಳು ಕಾಣುತ್ತಿದ್ದವು, ಬಸ್ಸಿನ ಬೋರ್ಡು, ಅಂಗಡಿಯ ಹೆಸರು. ಪುಸ್ತಕ ಇಲ್ಲ. ಆರನೆಯದು ಯಾವಾಗ ಎಂದು ಪ್ರತಿ ಫೋನಿನಲ್ಲೂ ಕೇಳುತ್ತಿದ್ದರು. ಬರೆಯುವವರು ತಡ ಮಾಡಿದರೆ, "ಮಾಡವಲ್ಲರ್ಯಾಕ, ಚೆಕ್ ಮಾಡಾಕತ್ತಿರಬೇಕು" ಎಂದು ಅವರ ಪರ ವಹಿಸುತ್ತಿದ್ದರು. ಕಳೆದ ಚಳಿಗಾಲ, ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಹಾಗೆಯೇ ಹೋದರು. ನಾನು ನಾಸಿಕಕ್ಕೆ ಹೋಗಿದ್ದೆ. ಆ ದಿನದ ಬಗ್ಗೆ ಬರೆಯುವುದಿಲ್ಲ.

ಬರಹವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಕಾಕೂ ಒಪ್ಪುವುದಿಲ್ಲ. ಯಾರಾದರೂ ಉಣ್ಣುವವರೆಗೆ ಹೋಗಬೇಕು.

ಕೊಯ್ದ ಎರಡೂ ಭಾಗಗಳನ್ನು ಚೀಲದಲ್ಲಿ ಹಾಕಿಕೊಂಡು, ಒಂದು ಸಾಲೂ ಓದದೆ, ಮೊನ್ನೆ ಶನಿವಾರ ಬೆಳಗಿನ ಬಸ್ಸಿಗೆ ನಾಸಿಕಕ್ಕೆ ಹೊರಟೆ. ದಾರಿಯುದ್ದಕ್ಕೂ ಚೀಲವನ್ನು ತೊ‌ಡೆಯ ಮೇಲೆ ಹಿಡಿದು ಕೂತೆ. ಬರುತ್ತೇನೆ ಎಂದು ಕಾಕೂಗೆ ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಬಾಗಿಲು ತೆಗೆದವರೇ ನನ್ನ ಮುಖ ನೋಡಿದರು, ಚೀಲ ನೋಡಿದರು.

"ಬಂತನು?"

"ಬಂತ್ರೀ."

"ಹಂಗಾರ ಯಾಕ ನಿಂತಿ? ಹಚ್ಚು ಪುರಾಣ."

ಅವರು ಕೆಂಪು ಮೆಣಸಿನಕಾಯಿಯ ರಂಜಕ ರುಬ್ಬಿ ಭರಣಿಗೆ ತುಂಬುತ್ತಿದ್ದರು. ಗದಗಿನ ಕಡೆಯ ಆ ಖಾರದ ಚಟ್ನಿ ಕಾಕಾಗೆ ರೊಟ್ಟಿಯ ಜೊತೆ ದಿನಾ ಬೇಕಿತ್ತು. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ, ಗೋಡೆಗೆ ಒರಗಿ ಓದತೊಡಗಿದೆ. ಶನಿವಾರ ಮುಗಿಯಿತು. ಭಾನುವಾರ ಬೆಳಿಗ್ಗೆ ಮೊದಲ ಭಾಗ ಮುಗಿದು, ಎರಡನೆಯದರ ದಾರ ಬಿಚ್ಚಿದೆ. ಅದರ ಮೊದಲ ಅಧ್ಯಾಯದಲ್ಲಿ ಅಕ್ಕ ಆ ದ್ವೀಪಕ್ಕೆ ದೋಣಿ ಕಟ್ಟುತ್ತಾಳೆ. ಮೆಟ್ಟಿಲು ಹತ್ತುತ್ತಾಳೆ. ಬಾಗಿಲು ತೆರೆಯುತ್ತದೆ.

ನಾನು ಓದುವುದನ್ನು ನಿಲ್ಲಿಸಿದೆ. ಮರುದಿನದ ರಂಜಕ ಕಲಕುತ್ತಿದ್ದ ಕಾಕೂ ಕೈ ಭರಣಿಯೊಳಗೇ ನಿಂತಿತು.

"ಏನ್ ಕಂಡಿ?" ಎಂದರು.

ಆ ಪ್ರಶ್ನೆಯನ್ನು ಅವರು ನನಗೆ ಯಾವತ್ತೂ ಕೇಳಿರಲಿಲ್ಲ.

"ತಮ್ಮ."

"ಹೆಸರು ಹೇಳ್ಯಾರೇನು?"

"ಹೇಳ್ಯಾರ್ರೀ. ಪೂರ್ತಿ ಹೆಸರು."

"ಮುಖ?"

"ಕಂಡೈತ್ರೀ. ದೀಪದ ಬೆಳಕಿನಾಗ. ಹಣಿಮ್ಯಾಲಿನ ಗಾಯನೂ ಕಂಡೈತಿ."

"ಇನ್ನೊಂದ ಸಲ ನೋಡು."

ನೋಡಿದೆ. ಮೊದಲಿನಿಂದ, ಒಂದೊಂದೇ ಪದ. ಆಮೇಲೆ ಅಧ್ಯಾಯದ ಕೊನೆಯ ಪುಟಕ್ಕೆ ಹೋಗಿ, ಬಲ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ನನ್ನ ಸಹಿ ಹಾಕಿದೆ. ಪೆನ್ಸಿಲನ್ನು ಕಾಕೂ ಕಡೆ ಚಾಚಿದೆ.

"ನನ್ನ ಕೈ ನೋಡು ಹೆಂಗಾಗೈತಿ, ಪೆನ್ಸಿಲ್ ಎಲ್ಲೆ ಹಿಡೀಲಿ" ಎಂದರು. ಪುಟದ ಕಡೆ ಬಾಗಿದರು. ಕಾಕಾ ಅವರದು ಎಡ ಮೂಲೆ ಎಂದು ಅವರಿಗೆ ಗೊತ್ತಿತ್ತು. ರಂಜಕ ಹತ್ತಿದ ಹೆಬ್ಬೆರಳನ್ನು ಅಲ್ಲಿಟ್ಟು, ಸ್ಟ್ಯಾಂಪ್ ಒತ್ತುವವರ ಹಾಗೆ, ಒಮ್ಮೆ ಗಟ್ಟಿಯಾಗಿ ಒತ್ತಿದರು.

ನನ್ನ ಕಣ್ಣು ಉರಿಯುತ್ತಿತ್ತು. ಮೆಣಸಿನಕಾಯಿ ಎಂದುಕೊಂಡೆ.

"ಮುಂದ ಓದು" ಎಂದರು ಕಾಕೂ, ಕೈ ತೊಳೆಯಲು ಏಳುತ್ತಾ. "ಏನ್ ಮಾಡಾಕತ್ತಾರ ಈಗ?"

"ಊಟಕ್ಕ ಕೂತಾರ್ರೀ. ಮೂರೂ ಮಂದಿ."

"ಮೂರು ಯಾರು?"

"ಅಕ್ಕ, ತಮ್ಮ, ನಾಯಿ."

"ಹಂಗಾರ ಮುಚ್ಚು ಪುಸ್ತಕ" ಎಂದು ಅವರು ಎರಡು ತಾಟು ಇಟ್ಟು ರೊಟ್ಟಿ ಬಡಿಸಿದರು. "ನಾವೂ ಉಣ್ಣೂಣು."